ಹಳೆಯ ಮರದ ನೆಲ: ಮುಚ್ಚುವುದೋ, ಉಜ್ಜುವುದೋ?

ಅಕ್ಕಪಕ್ಕದ ಎರಡು ಕೋಣೆ, ಎರಡರಲ್ಲೂ ಒಂದೇ ಕಾಲದ ಗಟ್ಟಿಮರದ ಹಲಗೆ ನೆಲ. ಒಂದರ ಮೇಲೆ ಲ್ಯಾಮಿನೇಟ್ (ಒತ್ತಿದ ಮರದ ನಾರಿನ ಮೇಲೆ ಮರದ ಚಿತ್ರದ ಪದರ ಅಂಟಿಸಿದ ಹಲಗೆ) ಹಾಸಿದೆ, ಇನ್ನೊಂದನ್ನು ಯಂತ್ರದಿಂದ ಉಜ್ಜಿ ಪಾಲಿಯುರೆಥೇನ್ ಎಂಬ ಪಾರದರ್ಶಕ ರಕ್ಷಣಾ ಲೇಪ ಬಳಿದೆ. ಎರಡೂ ನನ್ನ ಕೈಯಾರೆ ಮಾಡಿದ ಕೆಲಸ.

ಲ್ಯಾಮಿನೇಟ್ ಬೇಗ ಮುಗಿಯುತ್ತದೆ ಎಂಬ ಮಾತು ಅರ್ಧ ನಿಜ. ಜೋಡಣೆಗೆ ಒಂದು ದಿನ ಸಾಕಾಯಿತು. ಆದರೆ ಅದಕ್ಕೂ ಮೊದಲು ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಟ್ಟು ಅಲ್ಲಿನ ಹವೆಗೆ ಹೊಂದಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಹಳೆಯ ನೆಲದ ಮಟ್ಟ. ಎರಡು ಮೀಟರ್ ಉದ್ದದ ನೇರ ಪಟ್ಟಿಯನ್ನು ಇಟ್ಟು ನೋಡಿದಾಗ ಕಿಟಕಿಯ ಬಳಿ ಪಟ್ಟಿಯಡಿ 5 ಮಿಲಿಮೀಟರ್ ಸಂದು ಕಂಡಿತು. 3 ದಾಟಬಾರದು ಎಂದು ಗೊತ್ತಿದ್ದರೂ, ಕೆಳಗೆ ಹಾಸುವ ಫೋಮ್ ಅದನ್ನು ಸರಿದೂಗಿಸುತ್ತದೆ ಎಂದುಕೊಂಡೆ. ಸರಿದೂಗಿಸಲಿಲ್ಲ. ಅಲ್ಲಿ ಕಾಲಿಟ್ಟಾಗಲೆಲ್ಲ ನೆಲ ತುಸು ತಗ್ಗಿ ‘ಟಕ್’ ಎನ್ನುತ್ತಿತ್ತು. ಆರು ಸಾಲು ಬಿಚ್ಚಿದೆ. ಕೆಳಗಿನ ಹಳೆಯ ನೆಲದಲ್ಲಿ ಉಬ್ಬಿದ್ದ ಹಲಗೆಯಂಚುಗಳನ್ನು ಉಜ್ಜಿ ತಗ್ಗಿಸಿ, ಕಿರುಗುಟ್ಟುತ್ತಿದ್ದ ಹಲಗೆಗಳನ್ನು ಸ್ಕ್ರೂ ಹಾಕಿ ಬಿಗಿದು, ಮತ್ತೆ ಹಾಸಿದೆ. ಈಗ ಸದ್ದಿಲ್ಲ.

ಹಳೆಯ ಹಲಗೆಗಳಿಗೆ ಅಡ್ಡಲಾಗಿ ಜೋಡಿಸಿದ್ದು, ಗೋಡೆಯ ಸುತ್ತ 10 ಮಿಲಿಮೀಟರ್ ಜಾಗ ಬಿಟ್ಟಿದ್ದು ಮಾತ್ರ ಮೊದಲ ಸಲವೇ ಸರಿಯಾಯಿತು. ಆ ಜಾಗ ಬಿಡದಿದ್ದರೆ ತೇವದ ದಿನಗಳಲ್ಲಿ ನೆಲ ಹಿಗ್ಗಿ ನಡುವೆ ಏಳುತ್ತದೆ. 8 ಮಿಲಿಮೀಟರ್ ಹಲಗೆಗೆ 3 ಮಿಲಿಮೀಟರ್ ಫೋಮ್ ಸೇರಿ ನೆಲ ಎತ್ತರವಾದದ್ದರಿಂದ ಬಾಗಿಲಿನ ಕೆಳಅಂಚನ್ನೂ ಕತ್ತರಿಸಬೇಕಾಯಿತು.

ಉಜ್ಜುವ ಕೆಲಸ ಇನ್ನೊಂದು ಬಗೆಯ ಕಷ್ಟ. 40, 60, 100 ನಂಬರಿನ ಮರಳುಕಾಗದಗಳನ್ನು ಒರಟಿನಿಂದ ನಯದ ಕಡೆಗೆ ಒಂದಾದ ಮೇಲೊಂದರಂತೆ, ಮರದ ಎಳೆಯ ದಿಕ್ಕಿನಲ್ಲೇ ಓಡಿಸಬೇಕು. ತಿರುಗುತ್ತಿರುವ ಯಂತ್ರ ಒಂದೇ ಕಡೆ ಒಂದು ಕ್ಷಣ ನಿಂತರೂ ಮರದಲ್ಲಿ ತಗ್ಗು ಬೀಳುತ್ತದೆ. ಬಾಗಿಲ ಬಳಿ ಅಂಗೈಯಗಲದ ತಗ್ಗೊಂದು ಇಂದಿಗೂ ಇದೆ, ಸಂಜೆಯ ಓರೆ ಬೆಳಕಿನಲ್ಲಿ ಕಾಣುತ್ತದೆ. ಧೂಳಂತೂ ಹೇಳತೀರದು. ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸವಿರಬಹುದು, ಪರೀಕ್ಷಿಸದೆ ಯಂತ್ರ ಹಚ್ಚಬೇಡಿ. ಆಮೇಲೆ ಮೂರು ಲೇಪ, ನಡುನಡುವೆ ಒಣಗಲು ಬಿಡುವು. ಪೀಠೋಪಕರಣಗಳನ್ನು ಒಳಗೆ ತರಲು ಒಂದು ವಾರ ಕಾದೆ.

ಆದರೂ ನನ್ನ ಮನಸ್ಸು ಉಜ್ಜಿದ ಕೋಣೆಯ ಕಡೆಗೇ. ಮೊದಲ ಲೇಪ ತಾಗಿದೊಡನೆ ಬೂದುಗಟ್ಟಿದ್ದ ಮರ ಜೇನಿನ ಬಣ್ಣಕ್ಕೆ ತಿರುಗಿದ್ದನ್ನು ನೋಡಿ, ಕುಂಚ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ಅಲ್ಲಿ ಗೀರು ಬಿದ್ದರೆ ಮತ್ತೆ ಉಜ್ಜಬಹುದು. ಲ್ಯಾಮಿನೇಟಿನ ಮೇಲ್ಪದರ ಕಿತ್ತುಬಂದರೆ ಆ ಹಲಗೆಯನ್ನೇ ಬದಲಿಸಬೇಕು. ಲ್ಯಾಮಿನೇಟಿನ ಮೇಲೆ ಕುರ್ಚಿ ಎಳೆದರೆ ಟೊಳ್ಳು ಸದ್ದು, ಸಂದಿನಲ್ಲಿ ನೀರು ನಿಂತರೆ ಅಂಚು ಊದುತ್ತದೆ. ದಿನನಿತ್ಯದ ಗೀರುಗಳನ್ನು ಮಾತ್ರ ಅದು ನಿಜಕ್ಕೂ ಚೆನ್ನಾಗಿ ತಡೆಯುತ್ತದೆ.

ಮೂರನೆಯ ಕೋಣೆ ಬಾಕಿಯಿದೆ. ಅಲ್ಲಿ ಹಿಂದೆಯೇ ಹಲವು ಸಲ ಉಜ್ಜಿ ಮೊಳೆಯ ತಲೆಗಳು ಮೇಲೆ ಕಾಣುತ್ತಿವೆ, ಯಂತ್ರಕ್ಕೆ ಕೊಡಲು ಮರವೇ ಉಳಿದಿಲ್ಲ. ಆದ್ದರಿಂದ ಅಲ್ಲಿಗೆ ಲ್ಯಾಮಿನೇಟೇ ಸರಿ. ಮುಂದಿನ ವಾರ ನೇರ ಪಟ್ಟಿ ಹಿಡಿದು ಇಡೀ ನೆಲ ಅಳೆಯುತ್ತೇನೆ.