ಹಾಥಾರ್ನ್‌ನ ಎಳೆ ಹುಡುಗರನ್ನು ಅಳೆಯಬೇಕಾ? ಬಾಕ್ಸ್ ಹಿಲ್ ಮೈದಾನಕ್ಕೆ ಬನ್ನಿ

ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ ಫೂಟಿ, ಅಂದರೆ ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್, ನೋಡಿದರೆ ನನಗೆ ನಗು ಬರುತ್ತಿತ್ತು. ಮೊಟ್ಟೆಯಂಥ ಚೆಂಡು, ಸಾಲಾಗಿ ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ. ಪಕ್ಕಕ್ಕೆ ಹೋದರೂ 1 ಅಂಕ! ಗುರಿ ತಪ್ಪಿದವನಿಗೂ ಬಹುಮಾನ ಕೊಡುವ ಆಟ ಎಂದು ತಮಾಷೆ ಮಾಡುತ್ತಿದ್ದೆ. ಈಗ ನೋಡಿ, ಚಳಿಗಾಲದ ಶನಿವಾರ ಬಂತೆಂದರೆ ಟೋಪಿ ಹಾಕಿಕೊಂಡು ಹೊರಟುಬಿಡುತ್ತೇನೆ. ಅದೂ ಎಂಸಿಜಿಗಲ್ಲ, ಬಾಕ್ಸ್ ಹಿಲ್ ಸಿಟಿ ಓವಲ್‌ಗೆ.

ವಿಷಯ ಇಷ್ಟೇ. ಫೂಟಿಯ ಅತಿ ದೊಡ್ಡ ಲೀಗ್ ಎಎಫ್‌ಎಲ್. ಅದರಲ್ಲಿ ಆಡುವ ಹಾಥಾರ್ನ್ ಕ್ಲಬ್ಬಿನಲ್ಲಿದ್ದು ಆ ವಾರ ತಂಡದಲ್ಲಿ ಜಾಗ ಸಿಗದ ಹುಡುಗರು ಬಾಕ್ಸ್ ಹಿಲ್ ಹಾಕ್ಸ್ ಪರ ಅದರ ಕೆಳಗಿನ ಲೀಗ್ ವಿಎಫ್‌ಎಲ್ ಆಡುತ್ತಾರೆ. ಗಾಯದಿಂದ ವಾಪಸಾಗುವ ಹಿರಿಯರೂ ಇರುತ್ತಾರೆ. ಇವರ ಜೊತೆಗೆ ಬಾಕ್ಸ್ ಹಿಲ್‌ನ ಸ್ವಂತ ಆಟಗಾರರು. ಅವರಲ್ಲಿ ಹಲವರು ವಾರವೆಲ್ಲ ಬೇರೆ ಕೆಲಸ ಮಾಡಿ ಇಲ್ಲಿ ಬಂದು ಆಡುವವರು. ಕ್ಲಬ್ಬಿನ ನಾಳೆ ಹೇಗಿರುತ್ತದೆ ಎಂದು ತಿಳಿಯಬೇಕಿದ್ದರೆ ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ.

ಟಿವಿಯಲ್ಲಿ ಏನಾಗುತ್ತದೆ ಎಂದರೆ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಎಂಸಿಜಿಯಲ್ಲಿ ಮೇಲಿನ ಅಂತಸ್ತಿನಲ್ಲಿ ಕೂತರೆ ಆಟದ ನಕ್ಷೆ ಕಾಣುತ್ತದೆ, ಆದರೆ ಹುಡುಗನ ಮುಖ ಕಾಣುವುದಿಲ್ಲ. ಇಲ್ಲಿ ಬೇಲಿಗೆ ಒರಗಿ ನಿಂತರೆ ಅವನು ಏದುಸಿರು ಬಿಡುವುದೂ ಕೇಳುತ್ತದೆ. ನಾನು ವಿರಾಜಪೇಟೆ ಕಡೆಯವನು. ಕೊಡವ ಹಾಕಿ ಹಬ್ಬದಲ್ಲಿ ನಮ್ಮ ಮಾವ ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಪಾಠ ಹೇಳುತ್ತಿದ್ದರು. ಚೆಂಡು ಇರುವವನನ್ನು ಎಲ್ಲರೂ ನೋಡುತ್ತಾರೆ, ನೀನು ಇಲ್ಲದವನನ್ನು ನೋಡು. ಸಾವಿರಾರು ಮೈಲಿ ದೂರದಲ್ಲಿ, ಬೇರೆ ಆಟಕ್ಕೆ, ಆ ಪಾಠ ಈಗ ಉಪಯೋಗಕ್ಕೆ ಬರುತ್ತಿದೆ.

ಈ ಸಲ ನಾನು ರಕ್ಷಣೆಯ ಸಾಲಿನಲ್ಲಿ ಆಡುವ ಒಬ್ಬ ಹಾಫ್‌ಬ್ಯಾಕ್ ಹುಡುಗನನ್ನೇ ಹಿಡಿದು ನೋಡಿದೆ. ಹೆಸರು ಬೇಡ, ಇನ್ನೂ ಎಳೆಯ. ಏಪ್ರಿಲ್‌ನಲ್ಲಿ ಅವನು ಇಪ್ಪತ್ತಕ್ಕೂ ಜಾಸ್ತಿ ಸಲ ಚೆಂಡು ಹಿಡಿದ. ಮೊಬೈಲಿನಲ್ಲಿ ಅಂಕಿಅಂಶ ನೋಡಿದವರಿಗೆ ಖುಷಿಯೋ ಖುಷಿ. ಆದರೆ ಅರ್ಧಕ್ಕರ್ಧ ಪಕ್ಕದವನಿಗೆ ಕೊಟ್ಟ ಸುಲಭದ ಚೆಂಡುಗಳು. ಯಾರಾದರೂ ಮೈಮೇಲೆ ಬಂದರೆ ಸಾಕು, ಬಲಗಾಲಿಗೆ ಚೆಂಡು ತಂದುಕೊಳ್ಳಲು ಒಂದು ಸುತ್ತು ಹಾಕುತ್ತಿದ್ದ. ಅಷ್ಟರಲ್ಲಿ ಸಿಕ್ಕಿಬೀಳುತ್ತಿದ್ದ. ಜುಲೈನಲ್ಲಿ ಅವನು ಚೆಂಡು ಮುಟ್ಟಿದ್ದು ಅದಕ್ಕಿಂತ ಕಡಿಮೆ. ಆದರೆ ಎಡಗಾಲಲ್ಲಿ, ಅಂಜದೆ, ಮೈದಾನದ ಮಧ್ಯಕ್ಕೇ ಒದೆಯುತ್ತಿದ್ದ. ಒಂದು ಸಲ ಮಾರ್ಕ್, ಅಂದರೆ ಒದ್ದ ಚೆಂಡಿನ ಕ್ಯಾಚ್, ಕೈಜಾರಿತು. ಏಪ್ರಿಲ್‌ನ ಹುಡುಗನಾಗಿದ್ದರೆ ತಲೆ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದ. ಜುಲೈನವನು ಎದ್ದು ಮೂವತ್ತು ಮೀಟರ್ ಓಡಿ ಎದುರಾಳಿಯನ್ನು ಹಿಡಿದು ಟ್ಯಾಕಲ್ ಮಾಡಿದ. ಈ ಓಟವನ್ನು ಯಾವ ಆ್ಯಪ್ ಲೆಕ್ಕ ಹಾಕುತ್ತದೆ ಹೇಳಿ?

ಎದುರಾಳಿ ಯಾರು ಅನ್ನುವುದನ್ನೂ ನೋಡಿ. ಬೇರೆ ಎಎಫ್‌ಎಲ್ ಕ್ಲಬ್ಬಿನ ಎರಡನೇ ತಂಡ ಬಂದರೆ ಆ ಕಡೆಯೂ ಇಂಥದೇ ಎಳೆ ಮೈಗಳು. ವೆರಿಬಿ, ವಿಲಿಯಮ್ಸ್‌ಟೌನ್, ಪೋರ್ಟ್ ಮೆಲ್ಬರ್ನ್ ಹಾಗಲ್ಲ. ಸ್ವತಂತ್ರ ಕ್ಲಬ್ಬುಗಳು, ಬಲಿತ ಗಂಡಸರು. 2024ರ ವಿಎಫ್‌ಎಲ್ ಕಪ್ ಗೆದ್ದಿದ್ದೂ ವೆರಿಬಿಯೇ. ಅಂಥವರ ಭುಜಕ್ಕೆ ಡಿಕ್ಕಿ ಹೊಡೆದ ಮೇಲೂ ಮತ್ತೆ ಚೆಂಡಿಗೆ ಬಗ್ಗುತ್ತಾನಾ ಹುಡುಗ? ನನ್ನ ಮಟ್ಟಿಗೆ ಅದೇ ಪರೀಕ್ಷೆ.

ನನಗೆ ತುಂಬಾ ಇಷ್ಟವಾಗುವುದು ಕ್ವಾರ್ಟರ್, ಅಂದರೆ ಆಟದ ಕಾಲು ಭಾಗ, ಮುಗಿದ ಆ ನಾಲ್ಕೈದು ನಿಮಿಷ. ಜನ ಬೇಲಿ ದಾಟಿ ಹುಲ್ಲಿನ ಮೇಲೆ ನಡೆದು ಹೋಗುತ್ತಾರೆ. ಮಕ್ಕಳು ಚೆಂಡು ಒದೆಯುತ್ತಾ ಕಿರುಚಾಡುತ್ತಿರುತ್ತವೆ. ನಾವು ಸುಮ್ನೆ ಆಟಗಾರರ ಗುಂಪಿನ ಹಿಂದೆ ನಿಂತು ಕೋಚ್ ಹೇಳುವುದನ್ನು ಕೇಳಿಸಿಕೊಳ್ಳಬಹುದು. ಬೈಗುಳ ತಿಂದ ಹುಡುಗ ಕಣ್ಣೆತ್ತಿ ಕೋಚನ್ನು ನೋಡುತ್ತಾನಾ, ಶೂ ನೋಡುತ್ತಾನಾ? ನಾನು ಅದನ್ನೂ ಬರೆದಿಟ್ಟುಕೊಳ್ಳುತ್ತೇನೆ. ಹೆಂಡತಿಗೆ ಇದು ಪತ್ತೇದಾರಿ ಕೆಲಸದಂತೆ ಕಾಣುತ್ತದೆ.

ಇಲ್ಲಿಂದ ಯಾರು ಮೇಲೆ ಹೋದರು ಎಂದು ಕೇಳುವವರಿಗೆ ಜೈ ನ್ಯೂಕಮ್ ಒಬ್ಬನ ಹೆಸರು ಸಾಕು. ಪೂವಾಂಗ್ ಎಂಬ ಸಣ್ಣ ಊರಿನ ಹುಡುಗ. ಕ್ಲಬ್ಬುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಬಾಕ್ಸ್ ಹಿಲ್‌ಗೆ ಆಡುತ್ತಿದ್ದವನನ್ನು 2021ರ ಸೀಸನ್ ಮಧ್ಯದ ಡ್ರಾಫ್ಟ್‌ನಲ್ಲಿ ಹಾಥಾರ್ನ್ ತೆಗೆದುಕೊಂಡಿತು. ಮೊದಲ ಎಎಫ್‌ಎಲ್ ಪಂದ್ಯದಲ್ಲೇ 14 ಟ್ಯಾಕಲ್! ಎಲ್ಲರೂ ಹಾಗೆ ಬರುವುದಿಲ್ಲ ಬಿಡಿ. 170 ಸೆಂಟಿಮೀಟರ್‌ನ ನಿಕ್ ವಾಟ್ಸನ್ 2023ರ ಡ್ರಾಫ್ಟ್‌ನ 5ನೇ ಆಯ್ಕೆ. ಅದೇ ಡ್ರಾಫ್ಟ್‌ನಲ್ಲಿ ಕಾಲ್ಷರ್ ಡಿಯರ್ 56ನೆಯವನು, ತಂದೆ ಪಾಲ್ ಡಿಯರ್ ಇದೇ ಕ್ಲಬ್ಬಿಗೆ ಆಡಿದ್ದರಿಂದ ಬಂದವನು. ಇಬ್ಬರೂ ಮರುವರ್ಷವೇ ಎಎಫ್‌ಎಲ್ ಆಡಿದರು. ಆ 2024ರಲ್ಲಿ ಹಾಥಾರ್ನ್ ಮೊದಲ 5 ಪಂದ್ಯ ಸೋತಿತ್ತು. ನನ್ನ ಆಫೀಸಿನಲ್ಲಿ ಕೋಚ್ ಸ್ಯಾಮ್ ಮಿಚೆಲ್‌ನನ್ನು ಬೈಯದವರೇ ಇರಲಿಲ್ಲ. ಕೊನೆಗೆ ಅದೇ ತಂಡ ಸೆಮಿಫೈನಲ್ ತನಕ ಹೋಗಿ ಪೋರ್ಟ್ ಅಡಿಲೇಡ್‌ಗೆ ಬರೀ 3 ಅಂಕದಿಂದ ಸೋತಿತು. ಎಳೆಯರನ್ನು ಐದು ವಾರದಲ್ಲಿ ತೂಗಿದವರು ಆಮೇಲೆ ಸ್ಕಾರ್ಫ್ ಕೊಳ್ಳಲು ಸಾಲು ನಿಂತರು!

ಕೊರತೆ ಇಲ್ಲವೆಂದಲ್ಲ. ಮಳೆ ಗಾಳಿ ಬಂದರೆ ಬೇಲಿ ಪಕ್ಕ ನಿಂತವನ ಗತಿ ಕಷ್ಟ. ವೇಳಾಪಟ್ಟಿ ಕೆಲವು ಸಲ ಎಎಫ್‌ಎಲ್ ಪಂದ್ಯದ ಹೊತ್ತಿಗೇ ಬಂದು ಕೂರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ನೀವು ನೋಡಲು ಬಂದ ಹುಡುಗನೇ ಇಲ್ಲದಿರಬಹುದು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿತ ಇದಕ್ಕೇ.

ಆಗಸ್ಟ್‌ನಲ್ಲಿ ನನಗೂ ಹಾಗೇ ಆಯಿತು. ಫ್ಲಾಸ್ಕಿನಲ್ಲಿ ಕಾಫಿ, ಜೇಬಲ್ಲಿ ನೋಟ್‌ಬುಕ್ ಇಟ್ಟುಕೊಂಡು ಹೋದರೆ ನನ್ನ ಹಾಫ್‌ಬ್ಯಾಕ್ ಎಲ್ಲೂ ಕಾಣಲಿಲ್ಲ. ಮೊಬೈಲು ತೆಗೆದು ನೋಡಿದೆ. ಅವನು ಎಎಫ್‌ಎಲ್ ತಂಡದ ಎಮರ್ಜೆನ್ಸಿ ಪಟ್ಟಿಯಲ್ಲಿದ್ದ, ಯಾರಾದರೂ ತಪ್ಪಿದರೆ ಆಡುವವರ ಪಟ್ಟಿ. ಪಕ್ಕದಲ್ಲಿದ್ದ ಅಜ್ಜನಿಗೆ ಹೇಳಿದೆ, ನನ್ನ ಮಗನೇ ಆಯ್ಕೆಯಾದ ಹಾಗೆ. ಅಜ್ಜ ತಲೆ ಆಡಿಸಿ, ಆ ಕಡೆ ತೂಗಾಡುತ್ತಾ ಓಡುತ್ತಿದ್ದ ಒಬ್ಬ ಉದ್ದನೆಯ ರಕ್‌ಮ್ಯಾನ್ (ಮೇಲೆ ಎಸೆದ ಚೆಂಡಿಗೆ ಎಗರುವವನು) ಕಡೆ ಬೊಟ್ಟು ಮಾಡಿದರು. ಕೈಕಾಲು ಇನ್ನೂ ಮಾತು ಕೇಳುತ್ತಿರಲಿಲ್ಲ ಹುಡುಗನಿಗೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದೆ.