ಒಂದೇ ಹಿನ್ನೆಲೆಯ ಪುಸ್ತಕ: ಎಸ್‌ಆರ್‌ಡಿ 5.1 ಜತೆ ಎರಡೂವರೆ ವರ್ಷ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ಕಟ್ಟಿ ಆಡುವ ಆಟದ ನಿಯಮಗಳನ್ನು ಮೂರು ಸಂಪುಟವಾಗಿ ಮಾಡಿಸಿಟ್ಟುಕೊಂಡಿದ್ದೆ. ಮೂರನೆಯ ಸಂಪುಟ, ಅಂದರೆ ರಾಕ್ಷಸ-ಮೃಗಗಳ ಸಂಪುಟ, ಈ ಆಟಿಯ ಮಳೆಯಲ್ಲಿ ಬೂಸ್ಟು ಹಿಡಿದು ಹಾಳಾಯಿತು. ಬದಿಯಡ್ಕ ಪೇಟೆಯಲ್ಲಿ ಮತ್ತೆ ಪ್ರಿಂಟ್ ಹಾಕಿಸಿ ಸ್ಪೈರಲ್ ಮಾಡಿಸಿಕೊಂಡು ಬಂದೆ. ಒಂದು ಪುಸ್ತಕವನ್ನು ಎರಡನೇ ಸಲ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತೇನೆ ಅಂದರೆ ಅದರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ಇದು ಅಂಗಡಿಯಲ್ಲಿ ಸಿಗುವ ಪುಸ್ತಕವಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ನಿಯಮಗಳ ಉಚಿತ ಪಿಡಿಎಫ್, ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1, ಚಿಕ್ಕದಾಗಿ ಎಸ್‌ಆರ್‌ಡಿ. ಒಟ್ಟು 403 ಪುಟ. ಆಡುವ ಕ್ರಮವನ್ನು ಇಲ್ಲಿ ವಿವರಿಸುವುದಿಲ್ಲ. ತಾಳಮದ್ದಳೆ ಕೇಳಿ ಬೆಳೆದವರಿಗೆ ಅರ್ಧ ಆಗಲೇ ಗೊತ್ತಿದೆ. ವೇಷವಿಲ್ಲ, ಕುಳಿತಲ್ಲೇ ಪಾತ್ರ, ಮಾತು ಆ ಕ್ಷಣಕ್ಕೆ ಹುಟ್ಟಬೇಕು. ಆಟ ನಡೆಸುವ ಡಂಜನ್ ಮಾಸ್ಟರ್‌ನನ್ನು ನಾವು ಮೊದಲ ದಿನದಿಂದಲೇ ಭಾಗವತ ಅಂತಲೇ ಕರೆದದ್ದು. ವ್ಯತ್ಯಾಸ ಇಷ್ಟೇ, ಇಲ್ಲಿ ಪ್ರಸಂಗದ ಕೊನೆ ಭಾಗವತನಿಗೂ ತಿಳಿದಿರುವುದಿಲ್ಲ.

ಮೊದಲು ದೂರು. ಪಾತ್ರ ಕಟ್ಟುವಾಗ ಆ ವ್ಯಕ್ತಿಯ ಹಿನ್ನೆಲೆ ಆರಿಸಬೇಕು: ಸಾಹಸಕ್ಕೆ ಹೊರಡುವ ಮುಂಚೆ ಅವನು ಏನಾಗಿದ್ದ? ಈ ದಾಖಲೆಯಲ್ಲಿರುವುದು ಒಂದೇ ಒಂದು ಹಿನ್ನೆಲೆ, ಅಕೊಲೈಟ್. ನಾವು ಅದನ್ನು ದೇವಸ್ಥಾನದ ಪರಿಚಾರಕ ಅಂದೆವು. ವೀರ, ಮಂತ್ರವಾದಿ ಎಂಬಂಥ ಹನ್ನೆರಡು ವರ್ಗಗಳಿವೆ, ಆದರೆ ಪ್ರತಿ ವರ್ಗಕ್ಕೆ ಒಂದೇ ಒಳಕವಲು. ಫೀಟ್ ಎಂಬ ವಿಶೇಷ ಸಾಮರ್ಥ್ಯಗಳಲ್ಲಿ ಒಂದೇ, ಕುಸ್ತಿಯದ್ದು. ಮೊದಲ ತಿಂಗಳು ನಮ್ಮ ಐದು ಮಂದಿಯೂ ಪರಿಚಾರಕರೇ. ಊರಿಗೆ ಕಷ್ಟ ಬಂದಾಗ ಒಂದೇ ದೇವಸ್ಥಾನದಿಂದ ಐವರು ಎದ್ದು ಹೊರಟ ಹಾಗೆ ಕತೆ ಹಟ್ಟಿಯಲ್ಲೇ ಸುತ್ತುತ್ತಿತ್ತು. ಅಂಗಡಿಯಲ್ಲಿ ಮಾರುವ ಪೂರ್ತಿ ನಿಯಮಪುಸ್ತಕ ತರಿಸೋಣವೆಂದರೆ 50 ಡಾಲರಿನ ಗಟ್ಟಿರಟ್ಟಿನ ಪುಸ್ತಕ ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ದಾಟುತ್ತದೆ, ಅಂಚೆವೆಚ್ಚ ಬೇರೆ. ಅಡಿಕೆಗೆ ಒಳ್ಳೆಯ ಧಾರಣೆ ಇದ್ದ ವರ್ಷವೂ ಆಟಕ್ಕೆ ಅಷ್ಟು ತೆಗೆದಿಡುವ ಮನೆ ನಮ್ಮದಲ್ಲ.

ಆಗ ಬೇರೆ ಪ್ರಕಾಶಕರತ್ತ ನೋಡಿದೆ. ಈ ದಾಖಲೆ ಇರುವುದೇ ಅವರಿಗಾಗಿ. 2000ದಲ್ಲಿ ಈ ಆಟದ ಕಂಪನಿಯಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ತನ್ನ ಮೂರನೇ ಆವೃತ್ತಿಯ ನಿಯಮಗಳನ್ನು ಹೊರಗಿನವರೂ ಬಳಸಬಹುದಾದ ಓಪನ್ ಗೇಮ್ ಲೈಸೆನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಾಗ ಹೊರಗಿನ ಪ್ರಕಾಶಕರ ದೊಡ್ಡ ಸಂತೆಯೇ ಹುಟ್ಟಿತು. 2009ರಲ್ಲಿ ಪೈಜೊ ಎಂಬ ಪ್ರಕಾಶನ ತಂದ ಪಾತ್‌ಫೈಂಡರ್ ಎಂಬ ಆಟ ಅದೇ ಬೇರಿನ ಚಿಗುರು. ಸಣ್ಣ ಪ್ರಕಾಶಕರೊಬ್ಬರ ಸಾಹಸಕತೆಯ ಪಿಡಿಎಫ್ ಒಂದನ್ನು ಎಂಟು ಡಾಲರಿಗೆ ಕೊಂಡೆ. ಐದನೇ ಆವೃತ್ತಿಗೆ ಸಿದ್ಧ ಅಂತ ಮುಖಪುಟದಲ್ಲೇ ಬರೆದಿತ್ತು. ಒಳಗೆ ನೋಡಿದರೆ ಅರ್ಧಕ್ಕರ್ಧ ಮೃಗಗಳ ಅಂಕಿಅಂಶವೇ ಇಲ್ಲ, ಅದೇ ಪ್ರಕಾಶಕರ ಇನ್ನೊಂದು ದಪ್ಪ ಪುಸ್ತಕದ ಪುಟಸಂಖ್ಯೆ ಮಾತ್ರ. ಆ ಭಾನುವಾರ ಆಟ ನಿಲ್ಲಿಸಬೇಕಾಯಿತು. ನಿಯಮಗಳು ಧರ್ಮಕ್ಕೆ ಸಿಕ್ಕಿದ ಮೇಲೆ ತಮ್ಮದೊಂದು ಪುಟವನ್ನು ಮರುಮುದ್ರಿಸಲು ಏನು ಅಡ್ಡಿ? ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆದರೆ ಆ ಸಿಟ್ಟಿನಲ್ಲೇ ಎಸ್‌ಆರ್‌ಡಿಯನ್ನು ಮತ್ತೆ ತಿರುವಿದಾಗ ಅಕೊಲೈಟ್‌ಗಿಂತ ಸ್ವಲ್ಪ ಮುಂಚೆ, ನಾನು ಸಲೀಸಾಗಿ ದಾಟಿಹೋಗಿದ್ದ ಒಂದು ಸಣ್ಣ ಭಾಗ ಸಿಕ್ಕಿತು. ಹಿನ್ನೆಲೆಯನ್ನು ನಿಮಗೆ ಬೇಕಾದಂತೆ ಕಟ್ಟಿಕೊಳ್ಳಿ ಅನ್ನುತ್ತದೆ ಅದು. ಯಾವುದಾದರೂ ಎರಡು ಕುಶಲತೆ, ಉಪಕರಣ ಮತ್ತು ಭಾಷೆ ಸೇರಿ ಎರಡು, ಅಷ್ಟೇ. ಅವತ್ತೇ ಸಂಜೆ ಹತ್ತನೇ ಕ್ಲಾಸಿನ ನನ್ನ ಸೊಸೆ, ಅಕ್ಕನ ಮಗಳು, ಸುರಂಗ ತೋಡುವವಳ ಹಿನ್ನೆಲೆ ಬರೆದಳು. ಕಾಸರಗೋಡಿನವರಿಗೆ ಸುರಂಗ ಅಂದರೆ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದು ನೀರಿನ ಒಸರು ಹಿಡಿಯುವ ದಾರಿ. ಅವಳಜ್ಜ ಆ ಕೆಲಸ ಮಾಡಿದವರು. ಅವಳ ಪಾತ್ರಕ್ಕೆ ಕುಶಲತೆ ಅಥ್ಲೆಟಿಕ್ಸ್ ಮತ್ತು ಸರ್ವೈವಲ್, ಉಪಕರಣ ಕಲ್ಲುಕುಟಿಗರದ್ದು, ಭಾಷೆ ಪಾತಾಳವಾಸಿಗಳದ್ದು. ಜತೆಗೆ ಒಂದು ವಿಶೇಷ: ಒಳಗೆ ಹೊತ್ತಿಸಿಟ್ಟ ದೀಪ ಮಂಕಾದ ಕೂಡಲೇ ಗಾಳಿ ಕೆಟ್ಟದ್ದು ಅವಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ಮುಂದಿನ ಆರು ತಿಂಗಳು ನಮ್ಮ ಆಟ ಸುರಂಗದ ಒಳಗೇ ನಡೆಯಿತು. ಮನುಷ್ಯನಿಗೆ ಹೊಡೆದಾಟದಲ್ಲಿ ಐದಡಿ ಜಾಗ ಬೇಕು ಅನ್ನುತ್ತದೆ ನಿಯಮ. ಸುರಂಗದ ಅಗಲ ಅದರ ಅರ್ಧ ಇದ್ದರೆ ದೊಡ್ಡದು. ಹಾಗಾಗಿ ಇಕ್ಕಟ್ಟಿನ ನಿಯಮ ಎಳೆದು ತಂದೆವು: ಒಂದಡಿ ಸಾಗಲು ಎರಡಡಿಯ ನಡಿಗೆ ಖರ್ಚು, ಇಕ್ಕಟ್ಟಿನಲ್ಲಿದ್ದು ಹೊಡೆಯುವವನಿಗೆ ಕೆಳಗೈ, ಅವನ ಮೇಲೆ ಬೀಳುವವನಿಗೆ ಮೇಲುಗೈ. ಕತ್ತಿ ಬೀಸಲು ಜಾಗವಿಲ್ಲದೆ ನಮ್ಮ ವೀರ ಒದ್ದಾಡುವಾಗ ಹಾರೆ ಹಿಡಿದ ಹುಡುಗಿ ಮುಂದೆ ತೆವಳಿದಳು. ಅಷ್ಟು ಹೊತ್ತು ಯಾರೂ ಮೊಬೈಲ್ ಮುಟ್ಟಲಿಲ್ಲ.

ಭಾನುವಾರ ಮೂರು ಗಂಟೆಗೆ, ಚಾ ಆದ ಮೇಲೆ, ಜಗಲಿಯಲ್ಲಿ ಚಾಪೆ. ದಾಳ ಉರುಳಿಸಲು ಅಡಿಕೆ ಹಾಳೆಯ ತಟ್ಟೆ. ಇಪ್ಪತ್ತು ಮುಖದ ದಾಳ ಅದರಲ್ಲಿ ಸದ್ದೇ ಮಾಡುವುದಿಲ್ಲ, ಒಳಕೋಣೆಯಲ್ಲಿ ಮಲಗಿದ ಅಜ್ಜಿಗೆ ಎಚ್ಚರವಾಗುವುದಿಲ್ಲ. ಎಡಗಡೆ ನಿಯಮದ ಸಂಪುಟ, ಬಲಗಡೆ ಮಂತ್ರದ ಸಂಪುಟ. ಬೂಸ್ಟು ಹಿಡಿಯದ ಹಾಗೆ ಎರಡನ್ನೂ ಆಟ ಮುಗಿದ ಮೇಲೆ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಲ್ಲಿ ಇಡುತ್ತೇನೆ. ಮೂರನೆಯದನ್ನು ಕಪಾಟಿನಲ್ಲಿಟ್ಟದ್ದು ನನ್ನ ತಪ್ಪು.

ಅಜ್ಜಿ ಒಮ್ಮೆ ಎದ್ದು ಬಂದದ್ದು ಮಾತ್ರ ನಾಗನ ದೆಸೆಯಿಂದ. ದಾಖಲೆಯಲ್ಲಿ ರಾಕ್ಷಸನಿದ್ದಾನೆ, 110 ಹಿಟ್ ಪಾಯಿಂಟ್ (ಪೆಟ್ಟು ತಾಳುವ ಲೆಕ್ಕ), ಆರನೇ ಮಟ್ಟದವರೆಗಿನ ಮಂತ್ರ ಅವನಿಗೆ ತಾನು ಬೇಡವೆಂದರೆ ತಾಗುವುದೇ ಇಲ್ಲ. ನಾಗಗಳೂ ಇವೆ, ಒಂದು ಒಳ್ಳೆಯದು, ಒಂದು ಕೆಟ್ಟದು. ‘ನಾಗನಿಗೆ ಹೊಡಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅಜ್ಜಿ ಜಗಲಿಗೆ ಬಂದರು. ತೋಟದ ಮೂಲೆಯಲ್ಲಿ ನಾಗಬನ ಇರುವ ಮನೆ ಇದು. ಕೆಟ್ಟ ನಾಗನ ಪುಟವನ್ನು ಅವತ್ತೇ ತೆಗೆದಿಟ್ಟೆವು, ಹೊಸ ಪ್ರತಿಯಲ್ಲಿ ಅದನ್ನು ಹಾಕಿಸಲೇ ಇಲ್ಲ. ಇನ್ನೊಬ್ಬರ ಪುಸ್ತಕದಿಂದ ಒಂದು ಪುಟವನ್ನು ಹೀಗೆ ಹೊರಗಿಡುವ ಸ್ವಾತಂತ್ರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆ ಸ್ವಾತಂತ್ರ್ಯ ಸುಮ್ಮನೆ ಬಂದದ್ದಲ್ಲ. 2023ರ ಜನವರಿಯಲ್ಲಿ, ಆ ಹಳೆಯ ಓಪನ್ ಗೇಮ್ ಲೈಸೆನ್ಸ್ ಬದಲಿಸುವ ವಿಜರ್ಡ್ಸ್ ಕಂಪನಿಯ ಕರಡು ಸೋರಿಕೆಯಾಯಿತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರಿಗಿಂತ ಹೆಚ್ಚು ವಹಿವಾಟು ಇರುವವರು ಆ ಮಿತಿಯ ಮೇಲಿನ ಆದಾಯದಲ್ಲಿ 25 ಶೇಕಡದವರೆಗೆ ಕೊಡಬೇಕು ಅಂತ ಅದರಲ್ಲಿತ್ತು. ಆಟಗಾರರೂ ಪ್ರಕಾಶಕರೂ ಒಟ್ಟಿಗೆ ತಿರುಗಿಬಿದ್ದರು. ಪೈಜೊ ಎಲ್ಲರಿಗೂ ಓಆರ್‌ಸಿ ಎಂಬ ಬೇರೆ ಲೈಸೆನ್ಸ್ ಮಾಡಿಸಲು ಹೊರಟಿತು, ಕೊಬೋಲ್ಡ್ ಪ್ರೆಸ್ ಎಂಬ ಇನ್ನೊಂದು ಪ್ರಕಾಶನ ತನ್ನದೇ ನಿಯಮಗಳ ಕೆಲಸಕ್ಕೆ ಕೂತಿತು. ಜನವರಿ 27ರಂದು ಕಂಪನಿ ಹಿಂದೆ ಸರಿದು ಇಡೀ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟಿತು. ಈ ಲೈಸೆನ್ಸನ್ನು ವಾಪಸು ಪಡೆಯಲಾಗುವುದಿಲ್ಲ. ಮೂಲ ಯಾರದೆಂದು ಹೇಳಿದರೆ ಸಾಕು, ಬದಲಿಸಬಹುದು, ಮಾರಬಹುದು, ಅನುವಾದಿಸಬಹುದು.

ಅನುವಾದವೇ ನನ್ನ ಸಂತೋಷ. ನಮ್ಮ ಮಕ್ಕಳಿಗೆ ಮಲಯಾಳವೂ ಬರುತ್ತದೆ, ಇಂಗ್ಲಿಷೂ ತಕ್ಕಮಟ್ಟಿಗೆ ಬರುತ್ತದೆ. ಕನ್ನಡದಲ್ಲಿ ಓದಿ ಆಡುವುದಕ್ಕೆ ಮಾತ್ರ ಏನೂ ಇರಲಿಲ್ಲ. ಈಗ ನಿಯಮದ ಸಂಪುಟದ ಅರುವತ್ತು ಪುಟ ಕನ್ನಡದಲ್ಲಿದೆ. ಹಿಟ್ ಪಾಯಿಂಟ್‌ಗೆ ಉಸಿರು, ಅಪಾಯದಿಂದ ಪಾರಾಗಲು ಉರುಳಿಸುವ ಸೇವಿಂಗ್ ಥ್ರೋಗೆ ಪಾರುದಾಳ. ಸ್ಪೆಲ್ ಸ್ಲಾಟ್‌ಗೆ (ಎಷ್ಟು ಸಲ ಮಂತ್ರ ಹಾಕಬಹುದೆಂಬ ಲೆಕ್ಕ) ಮೂರು ವಾರ ಜಗಳಾಡಿ ಮಂತ್ರದ ಕಂತು ಅಂತ ಒಪ್ಪಿದೆವು.

2025ರ ಏಪ್ರಿಲ್‌ನಲ್ಲಿ ಬಂದ 5.2 ಕೂಡ ಇದೇ ಲೈಸೆನ್ಸಿನದು, ಅದರಲ್ಲಿ ಹಿನ್ನೆಲೆ ನಾಲ್ಕಿವೆ. ಹೊಸದಾಗಿ ಶುರುಮಾಡುವವರು ಅದನ್ನೇ ಇಳಿಸಿಕೊಳ್ಳಿ. ನಾನು 5.1ರಲ್ಲೇ ಇರುತ್ತೇನೆ, ಅರುವತ್ತು ಪುಟ ಬರೆದ ಕೈ ಇದು. ಸೊಸೆ ತನ್ನ ಸುರಂಗದ ಕತೆಯನ್ನು ಹನ್ನೆರಡು ಪುಟ ಮಾಡಿ ಶಾಲೆಯ ಗೆಳತಿಯರಿಗೆಂದು ಹದಿನೈದು ಪ್ರತಿ ತೆಗೆಸಿದ್ದಾಳೆ. ಎದುರಾಗುವ ಪ್ರತಿ ಮೃಗದ ಅಂಕಿಅಂಶ ಅದೇ ಪುಟದಲ್ಲಿದೆ. ಕೊನೆಯ ಪುಟದ ಅಡಿಯಲ್ಲಿ, ನಿಯಮಗಳ ಮೂಲ ಯಾರದು ಎಂಬ ಸಾಲು, ಅವಳದೇ ಕೈಬರಹದಲ್ಲಿ.