ಅಡಿಕೆ ಸುಲಿಯುತ್ತಾ ಕೇಳಿದ ಮಾತು ಹುಟ್ಟಿದ ಕಥೆ: ಆಡಿಯೋ ಕೋರ್ಸ್, 5ಕ್ಕೆ 3

ಮನುಷ್ಯ ಮಾತಾಡಲು ಶುರು ಮಾಡಿದ್ದು ಹೇಗೆ ಅನ್ನುವುದರ ಬಗ್ಗೆ ಕನ್ನಡದಲ್ಲೇ 8 ಕಂತಿನ ಆಡಿಯೋ ಕೋರ್ಸ್ ಇದೆ ಅಂತ ಗೊತ್ತಾಗಿ 299 ರೂಪಾಯಿ ಕೊಟ್ಟು ತಗೊಂಡೆ. ಕೇಳಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಕೈ ಮೆಟ್ಟುಗತ್ತಿ ಮೇಲೆ, ಕಿವಿ ಮೊಬೈಲ್ ಕಡೆ. ಸುಲಿಯಲು ಕೂತವರೆಲ್ಲ ಕೇಳಿದರು, ದುಡ್ಡು ಕೊಟ್ಟವನು ನಾನೊಬ್ಬನೇ.

ಎರಡನೇ ಕಂತು ಎಲ್ಲರಿಗೂ ಹಿಡಿಸಿತು. ಎಲ್ಲಕ್ಕಿಂತ ಹಳೆಯ ಭಾಷೆ ಯಾವುದು ಅಂತ ತಿಳಿಯಲು ಈಜಿಪ್ಟಿನ ದೊರೆ ಸಾಮೆಟಿಕಸ್ ಎರಡು ಹಸುಗೂಸುಗಳನ್ನು ಕುರಿ ಕಾಯುವವನ ಕೈಗೆ ಕೊಟ್ಟು, ಅವುಗಳ ಎದುರು ಯಾರೂ ಒಂದು ಮಾತೂ ಆಡಬಾರದು ಅಂದನಂತೆ. ಎರಡು ವರ್ಷದ ಮೇಲೆ ಮಕ್ಕಳು ಕೈ ಚಾಚಿ ‘ಬೆಕೋಸ್’ ಅಂದವಂತೆ. ಈಗಿನ ಟರ್ಕಿ ಕಡೆ ಆಗ ಇದ್ದ ಫ್ರಿಜಿಯನ್ ಭಾಷೆಯಲ್ಲಿ ಹಾಗೆಂದರೆ ರೊಟ್ಟಿ, ಆದ್ದರಿಂದ ಅದೇ ಹಳೆಯ ಭಾಷೆ ಅಂತ ದೊರೆ ಒಪ್ಪಿಕೊಂಡ. ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟ ಕಥೆ ಇದು. ನಮ್ಮ ದೊಡ್ಡಮ್ಮ ಕತ್ತಿಯಿಂದ ತಲೆ ಎತ್ತದೆ, "ಬೇಕು ಅಂದಿರ್ತವೆ, ಹಸಿವಾಗಿತ್ತೇನೋ ಪಾಪ" ಅಂದರು. ಆ ರಾತ್ರಿ ಮತ್ತೆ ಕೆಲಸ ಸಾಗಲಿಲ್ಲ.

ಆಮೇಲೆ ಮೂರು ಕಂತು ಬರೀ ಊಹೆಗಳು. ಪ್ರಾಣಿಗಳ ಕೂಗನ್ನು ಅನುಕರಿಸಿ ಮಾತು ಹುಟ್ಟಿತು, ಭಾರ ಎಳೆಯುವಾಗ ಒಟ್ಟಿಗೆ ಹಾಕಿದ ಕೂಗಿನಿಂದ ಹುಟ್ಟಿತು, ಹೀಗೆ. ಇಂಥ ಊಹೆಗಳ ಕಾಟಕ್ಕೇ ಇರಬೇಕು, ಪ್ಯಾರಿಸ್ಸಿನ ಭಾಷಾ ಸಂಘ 1866ರಲ್ಲಿ ಈ ವಿಷಯದ ಪ್ರಬಂಧವನ್ನೇ ತಗೊಳ್ಳುವುದಿಲ್ಲ ಅಂತ ನಿಯಮ ಮಾಡಿಬಿಟ್ಟಿತು. ಅದಿರಲಿ, ಜಿಟಿಜಿಟಿ, ಪಟಪಟ, ಧೋ ಅಂತ ಮಳೆಗೇ ಇಷ್ಟು ಸದ್ದಿನ ಪದ ಇಟ್ಟುಕೊಂಡಿರುವ ಭಾಷೆಯಲ್ಲಿ ಪಾಠ ಮಾಡುತ್ತಾ ಉದಾಹರಣೆಗೆಲ್ಲ ಇಂಗ್ಲಿಷಿಗೆ ಹೋಗುವುದು ಯಾಕೋ?

ಚಿನ್ನದಂಥ ವಿಷಯ ಇರುವುದು ಆರನೇ ಕಂತಿನಲ್ಲಿ. ನಿಕರಾಗುವಾದಲ್ಲಿ 1970ರ ದಶಕದ ಕೊನೆಯಲ್ಲಿ ಕಿವಿ ಕೇಳದ ಮಕ್ಕಳನ್ನು ಶಾಲೆಯಲ್ಲಿ ಒಟ್ಟುಗೂಡಿಸಿದರು. ಟೀಚರುಗಳು ಕಲಿಸಿದ್ದು ತುಟಿ ನೋಡಿ ಸ್ಪ್ಯಾನಿಷ್ ಅರ್ಥ ಮಾಡಿಕೊಳ್ಳುವುದನ್ನು. ಮಕ್ಕಳು ಮಾತ್ರ ಬಿಡುವಿನ ವೇಳೆಯಲ್ಲಿ, ಶಾಲೆಯ ಬಸ್ಸಿನಲ್ಲಿ, ತಮ್ಮಷ್ಟಕ್ಕೆ ಕೈಸನ್ನೆ ಹಂಚಿಕೊಳ್ಳುತ್ತಾ ಹೋದರು, ಆಮೇಲೆ ಸೇರಿದ ಚಿಕ್ಕ ಮಕ್ಕಳು ಅದಕ್ಕೆ ವ್ಯಾಕರಣ ಕೂಡಿಸಿ ಪೂರ್ತಿ ಭಾಷೆಯನ್ನೇ ಮಾಡಿಬಿಟ್ಟರು. ಒಂದು ಭಾಷೆ ಹುಟ್ಟುವುದನ್ನು ಪಂಡಿತರು ಕಣ್ಣಾರೆ ನೋಡಿದ್ದಾರೆ, ಅಲ್ವಾ! ಇದಕ್ಕೆ ಕೊಟ್ಟಿದ್ದು 12 ನಿಮಿಷ.

ಏಳನೆಯದು ಬಿಡಿ. ಫಾಕ್ಸ್‌ಪಿ2 ಅನ್ನುವ ಜೀನನ್ನು ‘ಮಾತಿನ ಜೀನ್’ ಅಂತ ಸುಮ್ನೆ ಎತ್ತಿ ಕಟ್ಟಿದ್ದಾರೆ. ಆ ಜೀನ್ ಇಲಿಗೂ ಇದೆ.

ಆ್ಯಪ್ ಮಾತ್ರ ತಲೆನೋವು. ಡೌನ್‌ಲೋಡ್ ಮಾಡಿಟ್ಟರೂ ಎರಡು ದಿನ ನೆಟ್‌ವರ್ಕ್ ಸಿಗದಿದ್ದರೆ ಕಂತುಗಳು ಮಾಯ. ನಮ್ಮಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಕೊನೇ ಕಂತನ್ನು ಶಿವಮೊಗ್ಗದ ಬಸ್ಸಿನಲ್ಲಿ ಕೂತು ಮುಗಿಸಿದೆ.